ಸಂಜೆ: ಬಳಕೆದಾರರ ಕೈಪಿಡಿ

ಸಂಜೆಯನ್ನು ಆಯ್ದುಕೊಂಡಿದ್ದಕ್ಕೆ ಧನ್ಯವಾದಗಳು. ಬೆಂಗಳೂರಿನ ಎಲೆಕ್ಟ್ರಾನಿಕ್ ಸಿಟಿಯ ನೌಕರರಿಗೆಂದೇ ತಯಾರಾದ ಮಾದರಿ ಇದು. ಬಹುಪಾಲು ಮನೆಗಳಲ್ಲಿ ಸೀಲು ಒಡೆಯದೆ ಬಿದ್ದಿದೆ.

ಸಾಮರ್ಥ್ಯ: ಕರ್ನಾಟಕದ ಅಂಗಡಿ ಮತ್ತು ವಾಣಿಜ್ಯ ಸಂಸ್ಥೆಗಳ 1961ರ ಕಾಯ್ದೆಯ ಪ್ರಕಾರ ನೌಕರ ದಿನಕ್ಕೆ 9, ವಾರಕ್ಕೆ 48 ಗಂಟೆ ಓಡಬಲ್ಲ. 2023ರಲ್ಲಿ ವಾರಕ್ಕೆ 70 ಗಂಟೆ, 2025ರಲ್ಲಿ 90 ಗಂಟೆ ಎಂದು ಉದ್ಯಮಿಗಳು ಹೇಳಿದ ಲೆಕ್ಕ ತಯಾರಕರ ಶಿಫಾರಸಲ್ಲ.

ಜೋಡಣೆ: ಮೊದಲು ಸಮಯ ಉಳಿಸಿ ಆಮೇಲೆ ನಾಟಕ ನೋಡುತ್ತೇನೆ ಎನ್ನುವವರು ಇಲ್ಲೇ ಕೆಡಿಸಿಕೊಳ್ಳುವುದು. ಇರುವ ಹೊತ್ತನ್ನೆಲ್ಲ ಕೆಲಸ ತುಂಬಿಕೊಳ್ಳುತ್ತದೆ ಎಂದು ಬ್ರಿಟಿಷ್ ಲೇಖಕ ಪಾರ್ಕಿನ್ಸನ್ 1955ರಲ್ಲೇ ಬರೆದಿಟ್ಟಿದ್ದಾರೆ. ನಾಲ್ಕು ಗಂಟೆಗೇ ಕೆಲಸ ಮುಗಿಸಿದವನಿಗೆ ಸಿಗುವ ಬಹುಮಾನ ಪಕ್ಕದವನ ಕೆಲಸ. ಆದ್ದರಿಂದ ಮೊದಲು ಟಿಕೆಟ್ ತೆಗೆಸಿ. ಜೆ.ಪಿ. ನಗರದ ರಂಗಶಂಕರದ್ದಾದರೆ ಉತ್ತಮ. 2004ರಲ್ಲಿ ಶುರುವಾದ ಈ ರಂಗಮಂದಿರದಲ್ಲಿ ಏಳೂವರೆಯ ನಾಟಕ ಏಳೂವರೆಗೇ. ತಡವಾಗಿ ಬಂದವರಿಗೆ ಬಾಗಿಲು ತೆರೆಯುವುದಿಲ್ಲ. ಸಿನಿಮಾ ಆದರೆ ಜಾಹೀರಾತು ಮುಗಿಯುವಷ್ಟರಲ್ಲಿ ಹೋದರಾಯಿತು ಅನ್ನಿಸುತ್ತದೆ, ಜಿಮ್ ನಾಳೆಯೂ ಇರುತ್ತದೆ. ಮುಖದ ಮೇಲೆ ಬಾಗಿಲು ಹಾಕುವಂಥದ್ದೇ ಬೇಕು.

ಚಾಲನೆ: ಐದೂ ಮುಕ್ಕಾಲಿಗೆ ಲ್ಯಾಪ್‌ಟಾಪ್ ಮುಚ್ಚಿ. ಮುಚ್ಚಿದ ಸದ್ದು ಅಕ್ಕಪಕ್ಕದವರಿಗೆ ಕೇಳಿಸಲಿ. ಬ್ಯಾಗು ಹೆಗಲೇರಿದೊಡನೆ ‘ಒಂದೇ ನಿಮಿಷ ಬರ್ತೀರಾ?’ ಎಂಬ ಶಬ್ದ ಬರುತ್ತದೆ. ಅದು ಯಂತ್ರದ ದೋಷವಲ್ಲ. ಹೋಗಿ, ಆದರೆ ಕೂರಬೇಡಿ. ನಿಂತವನ ಜೊತೆ ಮಾತು ಬೇಗ ಮುಗಿಯುತ್ತದೆ. ಕುರ್ಚಿ ಎಳೆದುಕೊಂಡಿರೋ, ಯಾರೋ ಎದ್ದು ವೈಟ್‌ಬೋರ್ಡ್ ಒರೆಸತೊಡಗುತ್ತಾರೆ. ‘ಟಿಕೆಟ್ ತಗೊಂಡಿದೀನಿ ಸಾರ್’ ಅಂದರೆ ಸಾಕು. ದುಡ್ಡು ಕೊಟ್ಟಿದ್ದಾನೆ ಎಂದರೆ ನಮ್ಮವರು ಎಂಥವರನ್ನೂ ಬಿಟ್ಟುಬಿಡುತ್ತಾರೆ. ‘ಅಜ್ಜಿಗೆ ಹುಷಾರಿಲ್ಲ’ ಎಂಬ ಹಳೇ ಬಿಡಿಭಾಗ ಬಳಸಬೇಡಿ. ಬೇಗ ಸವೆಯುತ್ತದೆ, ಅಜ್ಜಿಯೂ ಸವೆಯುತ್ತಾರೆ.

ಇನ್ನು ಮೆಟ್ರೋ. 2025ರ ಆಗಸ್ಟ್‌ನಲ್ಲಿ ಎಲೆಕ್ಟ್ರಾನಿಕ್ ಸಿಟಿಯ ಹಳದಿ ಮಾರ್ಗ ಶುರುವಾದಾಗ 25 ನಿಮಿಷಕ್ಕೊಂದು ರೈಲು ಇತ್ತು. ಇಟಲಿಯ ಚಿರಿಲ್ಲೊ ಟೊಮೆಟೊ ಆಕಾರದ ಟೈಮರ್ ಇಟ್ಟುಕೊಂಡು ರೂಪಿಸಿದ ಪೊಮೊಡೊರೊ ಪದ್ಧತಿಯಲ್ಲೂ ಕೆಲಸದ ಒಂದು ಕಂತು 25 ನಿಮಿಷವೇ. ಆದರೆ ಟೊಮೆಟೊಗೆ ಹೆದರಿ ಓಡಿದವರಿಲ್ಲ. ರೈಲು ತಪ್ಪುತ್ತದೆ ಎಂದರೆ ಡೈರೆಕ್ಟರೂ ಎಸ್ಕಲೇಟರ್ ಮೇಲೆ ಓಡುತ್ತಾರೆ. ಆರ್.ವಿ. ರಸ್ತೆಯಲ್ಲಿ ಹಸಿರು ಮಾರ್ಗ ಹತ್ತಿ, ಜೆ.ಪಿ. ನಗರದಲ್ಲಿ ಇಳಿದು ಆಟೋ ಹಿಡಿಯಿರಿ. ‘ಮೀಟರ್ ಮೇಲೆ ಎಷ್ಟು’ ಎಂಬ ಮಾತುಕತೆಗೂ ಐದು ನಿಮಿಷ ಎತ್ತಿಡಿ.

ದೋಷ ಪರಿಹಾರ: ನಾಟಕದ ನಡುವೆ ಫೋನಿಲ್ಲದ ಜೇಬು ಅದುರಿದಂತಾದರೆ ಹೆದರಬೇಡಿ, ಎರಡನೇ ದೃಶ್ಯದ ಹೊತ್ತಿಗೆ ನಿಲ್ಲುತ್ತದೆ. ತಿಂಗಳ ಕೊನೆ ಮತ್ತು ರಿಲೀಸ್ ವಾರಕ್ಕೆ ವಾರಂಟಿ ಅನ್ವಯಿಸದು. ಮುಂದಿನ ಸಾಲಿನಲ್ಲಿ ನಿಮ್ಮ ಮ್ಯಾನೇಜರೇ ಕುಳಿತಿದ್ದರೆ ಮಾತಾಡಿಸಲು ಹೋಗಬೇಡಿ. ಅವರ ಕ್ಯಾಲೆಂಡರ್ ಪ್ರಕಾರ ಅವರೀಗ ಕ್ಲೈಂಟ್ ಕಾಲ್‌ನಲ್ಲಿದ್ದಾರೆ.