ಸಿಡಿಸಿ ನೋಡೋಣ, ಸೀಳಿದರೆ ಅಪಾಯ

ವಿಪತ್ತು ನಿರ್ವಹಣಾ ಕಾಯ್ದೆ ಬಂದದ್ದು 2005ರಲ್ಲಿ. ಅದರ ಪ್ರಕಾರ ಜಿಲ್ಲೆಗೊಂದು ಪ್ರಾಧಿಕಾರ, ಅದಕ್ಕೆ ಜಿಲ್ಲಾಧಿಕಾರಿಯ ಅಧ್ಯಕ್ಷತೆ, ಅದರ ಕೈಯಲ್ಲೊಂದು ಯೋಜನೆ, ಯೋಜನೆಯೊಳಗೆ ಅಪಾಯಗಳ ಪಟ್ಟಿ. ನೈಸರ್ಗಿಕ ಎಷ್ಟು, ಮಾನವ ನಿರ್ಮಿತ ಎಷ್ಟು ಎಂದು ಬೇರೆಬೇರೆಯಾಗಿ ತುಂಬಬೇಕು. ಮಂಡ್ಯ ಜಿಲ್ಲೆಯ ಶ್ರೀರಂಗಪಟ್ಟಣ, ಪಾಂಡವಪುರ, ಕೆ.ಆರ್. ಪೇಟೆ, ನಾಗಮಂಗಲದ ಮಟ್ಟಿಗೆ ಫಜೀತಿ ಶುರುವಾಗುವುದೇ ಇಲ್ಲಿ. ನೈಸರ್ಗಿಕ ಎಂದು ಬರೆದರೆ ದೇವರ ತಲೆಗೆ ಕಟ್ಟಿ ಕೈ ತೊಳೆದುಕೊಳ್ಳಬಹುದು. ಮಾನವ ನಿರ್ಮಿತ ಎಂದರೆ ಆ ಮಾನವ ಯಾರು ಎಂದು ಯಾರಾದರೂ ಕೇಳಿಬಿಟ್ಟರೆ? ಅವನು ಅದೇ ಸಭೆಯ ಮುಂದಿನ ಸಾಲಿನಲ್ಲಿ ವಡೆ ತಿನ್ನುತ್ತಿರುತ್ತಾನೆ.

ಬೇಬಿ ಬೆಟ್ಟವನ್ನೇ ನೋಡಿ. ಪಾಂಡವಪುರ ತಾಲ್ಲೂಕಿನ ಈ ಬೆಟ್ಟ ದನಗಳ ಜಾತ್ರೆಗೆ ಹೆಸರುವಾಸಿಯಾಗಿತ್ತು, ಆಮೇಲೆ ಕಲ್ಲುಗಣಿಗೆ ಆಯಿತು. ಆಚೆಗೆ ಕನ್ನಂಬಾಡಿ ಕಟ್ಟೆ: 124.80 ಅಡಿ, ತುಂಬಿದರೆ 49 ಟಿಎಂಸಿಗೂ ಮೇಲೆ, ಸುರ್ಕಿ ಗಾರೆಯಲ್ಲಿ ಕಟ್ಟಿ ತೊಂಬತ್ತು ವರ್ಷ ದಾಟಿದ ಹಿರಿಯ. 2018ರ ಸೆಪ್ಟೆಂಬರಿನಲ್ಲಿ ಭಾರಿ ಸದ್ದು ಕೇಳಿಸಿ, ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರದ ಯಂತ್ರದಲ್ಲೂ ದಾಖಲಾಯಿತು. ಗಣಿ ನಿಲ್ಲಿಸುವುದು ಒಳ್ಳೆಯದು ಎಂದು ಅದೇ ಉಸ್ತುವಾರಿ ಕೇಂದ್ರ ಹೇಳಿತು. ನಮ್ಮವರು ಅಷ್ಟಕ್ಕೆ ಬಗ್ಗುವವರೇ? ಸಿಡಿಮದ್ದಿನಿಂದ ಕಟ್ಟೆಗೆ ಅಪಾಯವಿದೆಯೋ ಇಲ್ಲವೋ ಎಂದು ತಿಳಿಯಲು ಇರುವ ಒಂದೇ ವೈಜ್ಞಾನಿಕ ದಾರಿ ಯಾವುದು? ಸಿಡಿಮದ್ದು ಇಟ್ಟು ನೋಡುವುದು! ಅದಕ್ಕೆ ‘ಪ್ರಾಯೋಗಿಕ ಸ್ಫೋಟ’ ಎಂದು ಹೆಸರು. ಕಟ್ಟೆ ನಿಂತರೆ ಗಣಿ ಸುರಕ್ಷಿತ. ನಿಲ್ಲದಿದ್ದರೆ ವರದಿ ಓದಲು ಕೆಳಗೆ ಯಾರೂ ಇರುವುದಿಲ್ಲ. 2022ರ ಜುಲೈನಲ್ಲಿ ವಿಜ್ಞಾನಿಗಳು ಬಂದರು, ರೈತರು ಅಡ್ಡ ನಿಂತು ‘ಗೋ ಬ್ಯಾಕ್’ ಎಂದರು. 2024ರ ಜನವರಿಯಲ್ಲಿ ಹೈಕೋರ್ಟ್ ಕಟ್ಟೆಯ ಸುತ್ತ 20 ಕಿ.ಮೀ. ಒಳಗೆ ಗಣಿಗಾರಿಕೆಯೇ ಬೇಡ ಎಂದಿತು. ಅದೇ ವರ್ಷದ ಜುಲೈಗೆ ಪ್ರಾಯೋಗಿಕ ಸ್ಫೋಟ ಮತ್ತೆ ಹೊಸಿಲಲ್ಲಿ ನಿಂತಿತ್ತು; ರೈತರು ಮತ್ತೆ ಅಡ್ಡ ನಿಂತರು. ಸಗಣಿ ಬಾಚುವ ಕೈಗೆ ಕಂಡ ಅಪಾಯ ಕಾಣಿಸಲು ಸರ್ಕಾರಕ್ಕೆ ಜಿಲೆಟಿನ್ ಕಡ್ಡಿ ಬೇಕು.

ಕಟ್ಟೆಯಿಂದ ಹೊರಟ ವಿ.ಸಿ. ನಾಲೆಗೂ ಇದೇ ನ್ಯಾಯ. ಏರಿ ಮೇಲೆ ರಸ್ತೆ, ಪಕ್ಕದಲ್ಲಿ ಆಳದ ನೀರು, ನಡುವೆ ಒಂದಿಷ್ಟು ಹುಲ್ಲು. 2018ರ ನವೆಂಬರ್ 24ರ ಮಧ್ಯಾಹ್ನ ಪಾಂಡವಪುರ ತಾಲ್ಲೂಕಿನ ಕನಗನಮರಡಿಯಲ್ಲಿ ಖಾಸಗಿ ಬಸ್ಸು ನಾಲೆಗೆ ಬಿದ್ದು 30 ಜನ ಸತ್ತರು, ಶಾಲೆ ಮುಗಿಸಿ ಮನೆಗೆ ಹೊರಟಿದ್ದ ಮಕ್ಕಳೂ ಸೇರಿ. ಆಗ ಗೊತ್ತಾಯಿತು, ಇಲ್ಲಿ ತಡೆಗೋಡೆ ಬೇಕಿತ್ತೆಂದು. ಅದೇ ರಾತ್ರಿ ನಟ ಅಂಬರೀಶ್ ತೀರಿಕೊಂಡರು. ಕ್ಯಾಮೆರಾಗಳೆಲ್ಲ ಆ ಕಡೆ ತಿರುಗಿದವು. ಐದು ವರ್ಷವಾಗುವ ಹೊತ್ತಿಗೆ, 2023ರ ನವೆಂಬರಿನಲ್ಲಿ, ಅದೇ ತಾಲ್ಲೂಕಿನ ಬನಘಟ್ಟದ ಬಳಿ ಕಾರೊಂದು ಅದೇ ನಾಲೆಗೆ ಬಿತ್ತು. ಐದು ಹೆಣ. ಇಲ್ಲೂ ತಡೆಗೋಡೆ ಬೇಕಿತ್ತೆಂದು ಮತ್ತೆ ಗೊತ್ತಾಯಿತು. ನಾಲೆಯ ಯಾವ ತಿರುವು ಅಪಾಯಕಾರಿ ಎಂದು ಹೇಳುವ ಇಲಾಖೆ ನಮ್ಮಲ್ಲಿಲ್ಲ. ಆ ಕೆಲಸವನ್ನು ಸತ್ತವರಿಗೆ ವಹಿಸಲಾಗಿದೆ, ಸಂಬಳವಿಲ್ಲದೆ.

ಕೆ.ಆರ್. ಪೇಟೆ ಕಡೆ ಹೋದರೆ ಚಿರತೆ. ನಿಸ್ಸಂಶಯವಾಗಿ ನೈಸರ್ಗಿಕ. ಅದು ಕಬ್ಬಿನ ಗದ್ದೆಯಲ್ಲಿ ಮರಿ ಹಾಕುವ ಹಾಗೆ ಗುಡ್ಡವನ್ನೆಲ್ಲ ಜಲ್ಲಿ ಮಾಡಿದ್ದು ಯಾರು ಎನ್ನುವುದು ಅರಣ್ಯ ಇಲಾಖೆಯ ವ್ಯಾಪ್ತಿಗೆ ಬರುವುದಿಲ್ಲ. ಬೋನು ಬರುತ್ತದೆ, ಅದರೊಳಗೊಂದು ಬಡಪಾಯಿ ನಾಯಿ ಬರುತ್ತದೆ. ನಾಗಮಂಗಲದಲ್ಲಿ ಬೋರ್‌ವೆಲ್ ಇಳಿದಷ್ಟೂ ಫ್ಲೋರೈಡ್ ಏರುತ್ತದೆ, ಅದೂ ಭೂಮಿತಾಯಿಯ ಲೆಕ್ಕಕ್ಕೆ. 2024ರ ಸೆಪ್ಟೆಂಬರ್ 11ರ ರಾತ್ರಿ ಅದೇ ಊರಿನಲ್ಲಿ ಗಣಪತಿ ಮೆರವಣಿಗೆ ಹೊತ್ತಿಗೆ ಅಂಗಡಿಗಳು ಉರಿದವಲ್ಲ, ಅದನ್ನಾದರೂ ಮಾನವ ನಿರ್ಮಿತ ಎನ್ನಬಹುದೇ ಎಂದರೆ, ಎರಡೂ ಕಡೆಯವರು ಪಕ್ಕದವನ ಕಡೆ ಬೆರಳು ತೋರಿಸುತ್ತಾರೆ.

ಇನ್ನು ಶ್ರೀರಂಗಪಟ್ಟಣ. ಕಟ್ಟೆಯಿಂದ ಲಕ್ಷ ಕ್ಯುಸೆಕ್ ಬಿಟ್ಟರೆ ರಂಗನತಿಟ್ಟಿನ ನಡುಗಡ್ಡೆ ಮುಳುಗುತ್ತದೆ, ದೋಣಿ ನಿಲ್ಲುತ್ತದೆ, ನಿಮಿಷಾಂಬ ದೇವಸ್ಥಾನದ ಮೆಟ್ಟಿಲು ಮಾಯವಾಗುತ್ತದೆ. ನದಿಪಾತ್ರದ ಜನ ಎಚ್ಚರದಿಂದಿರಿ ಎಂದು ಆಟೋದಲ್ಲಿ ಮೈಕು ಕೂಗುತ್ತದೆ. ಕೇಳಿದವರು ಸೆಲ್ಫಿ ತೆಗೆಯಲು 1804ರ ವೆಲ್ಲೆಸ್ಲಿ ಸೇತುವೆ ಕಡೆ ಓಡುತ್ತಾರೆ. ನದಿ ಇಳಿದ ಮೇಲೆ ಪಶ್ಚಿಮವಾಹಿನಿಯಲ್ಲಿ ನೋಡಬೇಕು: ಅಸ್ಥಿ ಬಿಟ್ಟವರ ಪಂಚೆ, ಸೀರೆ, ಒಡೆದ ಮಡಕೆ ಬೇಲಿ ಗಿಡಕ್ಕೆ ಸುತ್ತಿಕೊಂಡಿರುತ್ತದೆ. ಮೋಕ್ಷ ಸತ್ತವರಿಗೆ, ಕೊಳೆ ಬದುಕಿರುವವರಿಗೆ.

ಅಧಿಕಾರಿಗಳಲ್ಲಿ ಒಂದು ವಿನಂತಿ. ಮುಂದಿನ ಅಪಾಯ ಗುರುತಿಸುವ ಸಭೆಯನ್ನು ಸಭಾಂಗಣದಲ್ಲಿ ಮಾಡಬೇಡಿ. ಒಂದು ಖಾಸಗಿ ಬಸ್ಸು ಗೊತ್ತು ಮಾಡಿ, ನಾಲೆ ಏರಿ ಮೇಲೆ ಹೊರಡಿ. ಶಾಸಕರಿಗೆ ನೀರಿನ ಪಕ್ಕದ ಕಿಟಕಿ ಸೀಟು ಬಿಡಿ. ಡ್ರೈವರ್‌ಗೆ ‘ಲೇಟಾಯ್ತು, ಸ್ವಲ್ಪ ಬೇಗ ಹೋಗಪ್ಪ’ ಎಂದಷ್ಟೇ ಹೇಳಿ. ಪಟ್ಟಿ ಮೊದಲನೇ ತಿರುವಿನಲ್ಲೇ ತಯಾರಾಗುತ್ತದೆ.