ಸಾವಿರಕ್ಕೆ ಎಷ್ಟು?

ನಮ್ಮ ಯಜಮಾನರು ಭಾನುವಾರದಿಂದ ತಮ್ಮ ಅಮ್ಮನ ಜೊತೆ ಮಾತು ಬಿಟ್ಟಿದ್ದಾರೆ. ಐವತ್ತು ದಾಟಿದ, ತಲೆ ಬೋಳಾದ ಗಂಡಸು. ಉಪ್ಪಿನಕಾಯಿ ಬೇಕಾದರೂ "ಅಜ್ಜಿಗೆ ಹೇಳು" ಎಂದು ಮಗಳಿಂದ ಹೇಳಿಸುತ್ತಾರೆ. ಅತ್ತೆ ಮಾಡಿದ್ದಾದರೂ ಏನು? ಒಂದು ಸಿಗಾರ್ ಬಿಚ್ಚಿ, ಸರಿಮಾಡಿ ಕಟ್ಟಿಕೊಟ್ಟರು. ಅಷ್ಟೆ.

ಮುಂಬಯಿಯ ಕನ್ನಡಿಗರ ಸಂಘದ ಯಕ್ಷಗಾನ, ವಾರ್ಷಿಕೋತ್ಸವ ಎಂದು ಜೊತೆಯಾದ ಗಂಡಸರು ಈಚೆಗೆ ಸಿಗಾರ್ ರಸಿಕರಾಗಿದ್ದಾರೆ. ಮೀರಾ ರೋಡಿನ ಹೋಟೆಲಿನವರು, 2019ರಲ್ಲೇ ಬ್ಯಾಂಕ್ ಆಫ್ ಬರೋಡಾದಲ್ಲಿ ಕರಗಿಹೋದ ವಿಜಯಾ ಬ್ಯಾಂಕನ್ನು ಇನ್ನೂ "ನಮ್ಮ ಬ್ಯಾಂಕ್" ಎನ್ನುವ ನಿವೃತ್ತರು, ಠಾಣೆಯಲ್ಲಿರುವ ನಿಪ್ಪಾಣಿಯವರು. ಇವರೆಲ್ಲ ಭಾನುವಾರದ ಲೋಕಲ್ ರೈಲುಗಳ ಮೆಗಾಬ್ಲಾಕನ್ನೂ ಲೆಕ್ಕಿಸದೆ ನಮ್ಮ ಡೊಂಬಿವಲಿಯ ಬಾಲ್ಕನಿಗೆ ಬಂದು ಸೇರಿದ್ದರು. ಇದೇ ಜನ ನೆಂಟರ ಗೃಹಪ್ರವೇಶಕ್ಕೆ ಮೆಗಾಬ್ಲಾಕಿನ ನೆಪ ಹೇಳಿ ತಪ್ಪಿಸಿಕೊಂಡವರು!

ಹೋಟೆಲಿನವರು ದುಬೈಯಿಂದ ತಂದದ್ದು ಕ್ಯೂಬಾದ ಪಾರ್ತಾಗಾಸ್ ಸೀರೀ ಡಿ ನಂಬರ್ 4. 1845ರ ಕಂಪನಿ, 124 ಮಿಲಿಮೀಟರ್ ಉದ್ದ, ಬಲು ಖಡಕ್ಕು. ಇದನ್ನು ಶೇಕಡಾ 65ರಿಂದ 70ರ ತೇವದಲ್ಲಿ ಇಡಬೇಕಂತೆ. ಮುಂಬಯಿಯ ಮಳೆಗಾಲದಲ್ಲಿ ಅಂಥ ಜಾಗ ಎಲ್ಲಿಂದ ತರುವುದು? ನನ್ನ ಗಾಳಿಯಾಡದ ಚಕ್ಕುಲಿ ಡಬ್ಬಿಯೇ ಬಲಿಯಾಯಿತು. ಬ್ಯಾಂಕಿನವರು ಮೊದಲ ದಮ್ಮು ಎಳೆದು, ಕಣ್ಣು ಮುಚ್ಚಿ, "ಕಾಫಿ ಉಂಟು, ಕರಿಮೆಣಸು ಉಂಟು... ಹಿನ್ನೆಲೆಯಲ್ಲಿ ಹುರಿದ ಎಳ್ಳು ಸಹ ಉಂಟು" ಎಂದರು. ಉಳಿದವರು ಭಕ್ತಿಯಿಂದ ತಲೆಯಾಡಿಸಿದರು. ಡಬ್ಬಿಯ ಸಂಗತಿ ನಾನು ಹೇಳಲಿಲ್ಲ. ನಿಪ್ಪಾಣಿಯವರು ಮಾತ್ರ, "ನಮ್ಮೂರ ಜರದಾ ಮುಂದ ಇದೇನ್ರೀ, ಬರೇ ಶೋಕಿ" ಎಂದು ಗೊಣಗುತ್ತಲೇ ಎಲ್ಲರಿಗಿಂತ ಮೊದಲು ಅರ್ಧ ಮುಗಿಸಿದ್ದರು.

ಅಷ್ಟರಲ್ಲಿ ಅತ್ತೆ ಬಂದರು. ಯಜಮಾನರು ತಟ್ಟನೆ ಉರಿಯುವ ಸಿಗಾರನ್ನು ಬೆನ್ನ ಹಿಂದೆ ಮಾಡಿದರು. ಸುಟ್ಟದ್ದು ಬಾಲ್ಕನಿಯಲ್ಲಿ ಒಣಗುತ್ತಿದ್ದ ನನ್ನ ನೈಟಿ. ಅತ್ತೆಗೆ ಅದು ಯಾವುದೂ ಕಾಣಲಿಲ್ಲ. ಅವರ ಕಣ್ಣು ಟೀಪಾಯಿಯ ಮೇಲಿದ್ದ ಇನ್ನೊಂದು ಸಿಗಾರಿನ ಮೇಲಿತ್ತು.

ಅತ್ತೆ ಕಾರ್ಕಳದ ಕಡೆಯವರು. ಮಡಿಲಲ್ಲಿ ತಡ್ಪೆ, ಅಂದರೆ ಮೊರ, ಇಟ್ಟುಕೊಂಡು ದಿನಕ್ಕೆ ಸಾವಿರ ಬೀಡಿ ಕಟ್ಟಿದವರು. ಯಜಮಾನರ ಶಾಲೆಯ ಫೀಸು, ಮುಂಬಯಿಗೆ ಬರುವ ಬಸ್ಸಿನ ಟಿಕೆಟು, ಎರಡೂ ಆ ತಡ್ಪೆಯಿಂದಲೇ ಎದ್ದದ್ದು. ಒಂದು ಬೀಡಿಯನ್ನೂ ಸೇದಿದವರಲ್ಲ. ಆದರೂ ಆ ಹೊಗೆಸೊಪ್ಪಿನ ಧೂಳು ಕೊಟ್ಟ ಕೆಮ್ಮು ಇವತ್ತಿಗೂ ರಾತ್ರಿ ಅವರನ್ನು ಎಬ್ಬಿಸುತ್ತದೆ.

ಅತ್ತೆ ಸಿಗಾರನ್ನು ಎತ್ತಿ ಕಿವಿಯ ಹತ್ತಿರ ಹಿಡಿದು ಹಿಂಡಿದರು. ಕಟ್ಟಿದ ಬೀಡಿ ಒಪ್ಪಿಸುವ ಬ್ರಾಂಚಿನಲ್ಲಿ ಅವನ್ನು ಚೆಕ್ ಮಾಡುವವರ ಗತ್ತು ಅದು! ಒಂದು ಕಾಲಕ್ಕೆ ಅವರ ಬೀಡಿಗಳನ್ನು ಬದಿಗೆಸೆದು ಕೂಲಿ ಮುರಿದ ಗತ್ತನ್ನು ಈಗ ತಾವೇ ಹೊದ್ದುಕೊಂಡರು. "ಇದು ಲೂಸು. ರಿಜೆಕ್ಟ್."

"ಅಮ್ಮಾ, ಅದು ಹವಾನಾದಲ್ಲಿ ಕೈಯಲ್ಲೇ ಸುತ್ತಿದ್ದು!"

"ಮತ್ತೆ ನಾನು ಕಾಲಲ್ಲಿ ಸುತ್ತಿದ್ದಾ ಮಾರಾಯ?"

ಇವರು ಬಾಯಿ ತೆರೆಯುವಷ್ಟರಲ್ಲಿ ಅತ್ತೆ ಕೆಂಪು ಪಟ್ಟಿ ಜಾರಿಸಿ, ಹೊರಗಿನ ಎಲೆ ಬಿಚ್ಚಿ ಆಗಿತ್ತು. ಎಲೆಯ ನಡುನಾರು ತೆಗೆದದ್ದಕ್ಕೆ ಪೂರ್ತಿ ಮಾರ್ಕು ಕೊಟ್ಟರು. ಒಳಗೆ ಇನ್ನೊಂದು ಎಲೆ, ಅದರೊಳಗೆ ಉದ್ದುದ್ದ ಮಡಚಿಟ್ಟ ಇಡೀ ಎಲೆಗಳು. ಸಿಗಾರಿನ ಘನತೆಯೇ ಅದರಲ್ಲಿದೆ; ಗಿಡದ ತುದಿಯ ಲಿಗೇರೋ ಎಲೆ ಖಾರಕ್ಕೆ, ಕೆಳಗಿನ ವೊಲಾದೋ ಚೆನ್ನಾಗಿ ಉರಿಯುವುದಕ್ಕೆ. ಅತ್ತೆಗೆ ಕಂಡದ್ದು ಬರೀ ಮೈಗಳ್ಳತನ. "ಪುಡಿಯೇ ಮಾಡ್ಲಿಲ್ಲ ನೋಡು, ಹಾಗೇ ತುರುಕಿದ್ದಾರೆ!" ಎನ್ನುತ್ತ ಸಾವಿರಗಟ್ಟಲೆ ಬೆಲೆಯ ಪಾರ್ತಾಗಾಸನ್ನು ಎರಡೂ ಅಂಗೈ ನಡುವೆ ಹಾಕಿ ಪರಪರ ಉಜ್ಜಿದರು. ಹೋಟೆಲಿನವರು "ಅಯ್ಯೋ ದೇವರೇ" ಎಂದು ಗ್ರಿಲ್ ಹಿಡಿದುಕೊಂಡರು. ನಿಪ್ಪಾಣಿಯವರು "ಭಲೇ ಅವ್ವಾ!" ಎಂದರು. ಅತ್ತೆ ಹೊರಎಲೆಗೆ ನೀರು ಚಿಮುಕಿಸಿ, ಕತ್ತರಿಯಿಂದ ಅಂಚು ಸವರಿ, ಪುಡಿ ತುಂಬಿ, ಒಂದೇ ಹೊರಳಿಗೆ ಸುರುಳಿ ಸುತ್ತಿ, ಬಾಯಿ ಮಡಚಿದರು. ನನ್ನ ಸೀರೆ ಫಾಲಿನ ಗುಲಾಬಿ ನೂಲಿನಿಂದ ಕಟ್ಟಿದರು. ಹತ್ತು ವರ್ಷದಿಂದ ಮಂಡಿನೋವೆಂದು ಒಂದು ಬೀನ್ಸ್ ಹೆಚ್ಚಿ ಕೊಡದವರ ಬೆರಳು ಆ ಚುರುಕಿನಲ್ಲಿ ಓಡಿದ್ದು ಕಂಡು ನನಗೆ ಸಿಟ್ಟೂ ಬಂತು, ಕಣ್ಣೂ ತುಂಬಿತು. ಮಂಡಿಗೂ ಬೀನ್ಸಿಗೂ ಏನು ಸಂಬಂಧ ಎಂದು ನಾನು ಇದುವರೆಗೆ ಕೇಳಿಯೇ ಇರಲಿಲ್ಲ.

"ಇದನ್ನು ಸುತ್ತುವವರಿಗೆ ಸಾವಿರಕ್ಕೆ ಎಷ್ಟು ಕೊಡ್ತಾರೆ?" ಅತ್ತೆ ಕೇಳಿದರು.

ರುಚಿಯಲ್ಲಿ ಎಳ್ಳು ಕಂಡುಹಿಡಿದ ಪಂಡಿತರಲ್ಲಿ ಒಬ್ಬರಿಗೂ ಉತ್ತರ ಗೊತ್ತಿರಲಿಲ್ಲ. ಮಗಳು ಮೊಬೈಲ್ ಕೆದಕಿ, ಹವಾನಾದಲ್ಲಿ ನುರಿತವರೂ ದಿನಕ್ಕೆ ನೂರರ ಆಸುಪಾಸು ಸುತ್ತುತ್ತಾರೆ ಎಂದಳು.

"ನೂರಾ? ಚಾ ಕುಡಿಯುವ ಮೊದಲು ನಂದು ಅಷ್ಟು ಆಗ್ತಿತ್ತು."

ನಮ್ಮ ದೇಶದ ಕಾನೂನೂ ಅತ್ತೆಯ ಪಕ್ಷವೇ: 1966ರ ಕಾಯ್ದೆ ಬೀಡಿಯವರನ್ನೂ ಸಿಗಾರಿನವರನ್ನೂ ಒಂದೇ ಹೆಸರಿನಲ್ಲಿ ಕೂರಿಸಿತ್ತು. ಸಿಗಾರಿನ ಮರ್ಯಾದೆ ಉಳಿಸಲೆಂದು ಬ್ಯಾಂಕಿನವರು ಕೊನೆಯ ಅಸ್ತ್ರ ಬಿಟ್ಟರು. ಕ್ಯೂಬಾದ ಕಾರ್ಖಾನೆಗಳಲ್ಲಿ 1865ರಿಂದ ಕೆಲಸದವರಿಗೆ ಕಾದಂಬರಿ ಓದಿ ಹೇಳುವ ಪದ್ಧತಿ ಇದೆ, ಮಾಂಟೆಕ್ರಿಸ್ಟೋ ಎಂಬ ಸಿಗಾರಿನ ಹೆಸರೇ ಡ್ಯೂಮಾನ ಕಾದಂಬರಿಯಿಂದ ಬಂದದ್ದು ಎಂದರು.

ಅತ್ತೆ ಮಗನತ್ತ ತಿರುಗಿದರು. "ನಮಗೆ ಇವನೇ ಓದಿ ಹೇಳ್ತಿದ್ದದ್ದು. ತರಂಗದ ಧಾರಾವಾಹಿ. ಜಗಲಿಯಲ್ಲಿ ಆರು ಜನ ಹೆಂಗಸರು ಕಟ್ತಾ ಕೂತರೆ, ಇವನು ಚಡ್ಡಿ ಹಾಕಿಕೊಂಡು ನಡುವೆ. ಹುಡುಗ ಹುಡುಗಿ ಇಬ್ಬರೇ ಇರುವ ಕಡೆ ಬಂದ್ರೆ ಮಾತ್ರ ಎರಡು ಪುಟ ಒಟ್ಟಿಗೆ ಮಗುಚ್ತಿದ್ದ ಕಳ್ಳ. ನಮಗೆ ಗೊತ್ತಾಗ್ತಿರಲಿಲ್ವಾ?"

ಗೆಳೆಯರು ಹೊಟ್ಟೆ ಹಿಡಿದುಕೊಂಡು ನಕ್ಕರು. ಯಜಮಾನರು ಮಾತು ಬಿಟ್ಟದ್ದು ಪಾರ್ತಾಗಾಸಿಗಾಗಿ ಎಂದು ನೀವು ತಿಳಿದಿದ್ದರೆ, ಅಲ್ಲ. ಆ ಎರಡು ಪುಟಗಳಿಗಾಗಿ. ಅತ್ತೆ ಕಟ್ಟಿದ್ದನ್ನು ಅದೇ ಸಂಜೆ ನಿಪ್ಪಾಣಿಯವರು ಸೇದಿ, ಮೂಲಕ್ಕಿಂತ ಚಲೋ ಅಂದರು. ಮುಂದಿನ ಕೂಟ ಠಾಣೆಯ ಅವರ ಮನೆಯಲ್ಲಂತೆ, ಅವ್ವನನ್ನು ಕರೆದುಕೊಂಡು ಬರಲೇಬೇಕಂತೆ. ಅತ್ತೆ ಕತ್ತರಿ ಸಾಣೆಗೆ ಕಳಿಸಿದ್ದಾರೆ. ಯಜಮಾನರಿಗೆ ಬರಹೇಳಿದವರು ಇನ್ನೂ ಯಾರೂ ಇಲ್ಲ.