ನೂರಕ್ಕೆ ನೂರಂತೆ

"ನೂರಕ್ಕೆ ನೂರಂತೆ ಕಣ್ ಮೇಷ್ಟ್ರೇ!" ಎಂದರು ಬೇಲಿಯಾಚೆಯ ಅಕ್ಕ.

ಯಾವುದಕ್ಕೆ ನೂರು ಎಂದು ಕೇಳಬೇಕಾಗಿಲ್ಲ. ಹೊರಗಿನವರಿಗೆ ನಮ್ಮ ಕಿಕ್ಕೇರಿ ಅಂದರೆ ಕೆ.ಎಸ್. ನರಸಿಂಹಸ್ವಾಮಿ, ಇಲ್ಲವೇ ಹೊಯ್ಸಳರ ಕಾಲದ ಬ್ರಹ್ಮೇಶ್ವರ ಗುಡಿ. ಮೇ ತಿಂಗಳಲ್ಲಿ ಎಸ್ಎಸ್ಎಲ್‌ಸಿ ರಿಸಲ್ಟ್ ಬಂದ ವಾರ ಮಾತ್ರ ಕವಿಯನ್ನೂ ಕೇಳುವವರಿಲ್ಲ, ದೇವರನ್ನೂ ಕೇಳುವವರಿಲ್ಲ. ಯಾವ ಸ್ಕೂಲು, ಎಷ್ಟು ಪರ್ಸೆಂಟು, ಇಷ್ಟೇ ಮಾತು.

ಅಕ್ಕನ ಮೊಮ್ಮಗ ಏಳನೇ ಕ್ಲಾಸು ಮುಗಿಸಿದ್ದಾನೆ. ಎಂಟನೆಯದಕ್ಕೆ ಊರಿನ ಸರ್ಕಾರಿ ಹೈಸ್ಕೂಲೋ, ಆಚೆ ಹಳ್ಳಿಯದೋ, ಬಸ್ಸು ಹತ್ತಿಸಿ ಪೇಟೆಗೆ ಕಳಿಸುವುದೋ? ಅಕ್ಕ ಆಗಲೇ ಆಚೆ ಹಳ್ಳಿಯ ಕಡೆಗೆ ವಾಲಿದ್ದರು.

"ಎಷ್ಟು ಮಕ್ಕಳು ಬರೆದಿದ್ದರಂತೆ?" ಎಂದೆ.

"ಅನ್ನೊಂದ್ ಜನ್ವಂತೆ."

ಸರಿ. ಹನ್ನೊಂದು ಜನರಲ್ಲಿ ಒಬ್ಬನೇ ಒಬ್ಬ ಗಣಿತದಲ್ಲಿ ಮಗುಚಿಕೊಂಡಿದ್ದರೂ ಆ ನೂರು ಹೋಗಿ ತೊಂಬತ್ತೊಂದಕ್ಕೆ ಇಳಿಯುತ್ತಿತ್ತು. ಮುಂದಿನ ವರ್ಷ ಮೂವರು ಮಗುಚಿಕೊಂಡರೆ ಎಪ್ಪತ್ತಮೂರು. ಅದೇ ಮೇಷ್ಟ್ರು, ಅದೇ ಕೊಠಡಿ, ಅದೇ ಬೋರ್ಡು. ಆದರೂ ಊರಿನವರು "ಸ್ಕೂಲು ಕೆಟ್ಟೋಯ್ತು" ಅನ್ನುತ್ತಾರೆ. ಈ ಕಡೆ ನೂರಿಪ್ಪತ್ತು ಮಕ್ಕಳು ಕೂತು ತೊಂಬತ್ತಾರು ಜನ ದಾಟಿದರೆ ಲೆಕ್ಕಕ್ಕೆ ಎಂಬತ್ತೇ. ದಾಟಿಸಿದ ಮಕ್ಕಳ ತಲೆ ಎಣಿಸುವವರು ಯಾರೂ ಇಲ್ಲ.

ಇನ್ನೊಂದು ಲೆಕ್ಕವಿದೆ, ಅದನ್ನು ಯಾರೂ ಫ್ಲೆಕ್ಸಿಗೆ ಹಾಕಿಸುವುದಿಲ್ಲ. ಎಂಟನೆಯದಕ್ಕೆ ಸೇರಿದವರೆಷ್ಟು, ಹತ್ತನೆಯದರ ಪರೀಕ್ಷೆಗೆ ಕೂತವರೆಷ್ಟು? ಕೆಲವು ಖಾಸಗಿಯವರು ಒಂಬತ್ತರಲ್ಲೇ ತಂದೆತಾಯಿಯನ್ನು ಕರೆಸಿ, ಕಾಫಿ ಕೊಟ್ಟು, ಟಿ.ಸಿ. ಕೈಗಿಟ್ಟು ಕಳಿಸುತ್ತಾರೆ. ಆ ಮಗು ಎಲ್ಲಿಗೆ ಹೋದೀತು? ಸರ್ಕಾರಿ ಶಾಲೆ ಬಾಗಿಲು ಹಾಕುವಂತಿಲ್ಲವಲ್ಲ. ಅವರು ಕಳೆದುಕೊಂಡ ಫೇಲು ಇವರ ರಿಜಿಸ್ಟರಿಗೆ ಬಂದು ಕೂರುತ್ತದೆ. ಆಮೇಲೆ ಎರಡು ಪರ್ಸೆಂಟನ್ನೂ ಅಕ್ಕಪಕ್ಕ ಇಟ್ಟು ಹೋಲಿಸುವುದು!

ಸರ್ಕಾರಿ ಶಾಲೆಗಳೂ ಎಲ್ಲಾ ಒಂದೇ ಅಲ್ಲ. 2024ರಲ್ಲಿ 625ಕ್ಕೆ 625 ತೆಗೆದು ರಾಜ್ಯಕ್ಕೇ ಮೊದಲು ಬಂದವಳು ಬಾಗಲಕೋಟೆ ಜಿಲ್ಲೆಯ ಮೊರಾರ್ಜಿ ದೇಸಾಯಿ ವಸತಿ ಶಾಲೆಯ ಹುಡುಗಿ. ಕೇಳಿ ನನಗಂತೂ ಹಿಗ್ಗಾಯಿತು. ಆದರೆ ಅದು ಆರನೇ ಕ್ಲಾಸಿಗೇ ಪ್ರವೇಶ ಪರೀಕ್ಷೆ ಇಟ್ಟು ಆರಿಸಿ, ಅಲ್ಲೇ ಊಟ ನಿದ್ದೆ ಕೊಟ್ಟು ಓದಿಸುವ ಶಾಲೆ. ಬೆಳಿಗ್ಗೆ ಹಸು ಕರೆದು, ಡೈರಿಗೆ ಹಾಲು ಹಾಕಿ, ಆಮೇಲೆ ಪ್ರಾರ್ಥನೆಗೆ ಓಡಿಬರುವ ನಮ್ಮ ಹುಡುಗರ ಹೈಸ್ಕೂಲನ್ನು ಅದರ ಪಕ್ಕ ನಿಲ್ಲಿಸಿ ಅಳೆದರೆ ನ್ಯಾಯವಾ?

"ಮತ್ತೆ ಓದ್ ವರ್ಸ, ಅದ್ರಿಂದ್ ವರ್ಸ ಎಲ್ಲಾ ಕಡೆ ಬಿದ್ದೋಯ್ತಲ್ಲ?" ಎಂದರು ಅಕ್ಕ. ಪೇಪರು ಓದುವುದಿಲ್ಲ ಅನ್ನುತ್ತಾರೆ, ಎಲ್ಲಾ ಗೊತ್ತು.

ಬಿದ್ದಿದ್ದು ನಿಜ. 2023ರಲ್ಲಿ ರಾಜ್ಯದ ಫಲಿತಾಂಶ 83.89 ಇತ್ತು. 2024ರಲ್ಲಿ ಪರೀಕ್ಷಾ ಕೊಠಡಿಗೆ ಕ್ಯಾಮೆರಾ ಇಟ್ಟು ವೆಬ್‌ಕಾಸ್ಟಿಂಗ್ ಮಾಡಿದರು, 73.40 ಆಯಿತು. ಅದೂ ಕೃಪಾಂಕವನ್ನು ಧಾರಾಳವಾಗಿ ಸುರಿದ ಮೇಲೆ. 2025ರಲ್ಲಿ ಇನ್ನೂ ಕೆಳಕ್ಕೆ. ಒಂದೇ ವರ್ಷದಲ್ಲಿ ರಾಜ್ಯದ ಮಕ್ಕಳೆಲ್ಲ ದಡ್ಡರಾದರೇ? ಗೋಡೆ ಮೇಲೆ ಒಂದು ಕ್ಯಾಮೆರಾ ಬಂತು, ಅಷ್ಟೆ. ಹಾಗಾಗಿ ಯಾರಾದರೂ ಹಳೆಯ ನೂರನ್ನು ತೋರಿಸಿದರೆ ಯಾವ ವರ್ಷದ್ದು ಎಂದು ಮೊದಲು ಕೇಳುವುದು ನನ್ನ ಚಾಳಿ.

ಅಂದಹಾಗೆ, ಈ ಫ್ಲೆಕ್ಸುಗಳ ಗತಿ ನೋಡಿದ್ದೀರಾ? ನಮ್ಮ ಬೀದಿಯ ಕೊನೆಯಲ್ಲಿ ಒಂದು ಹುಲ್ಲಿನ ಮೆದೆ ಇದೆ. ಮಳೆಗೆ ನೆನೆಯದಿರಲೆಂದು ಮೇಲೆ ಹೊದಿಸಿರುವುದು ಎರಡು ವರ್ಷದ ಹಿಂದಿನ ರಿಸಲ್ಟ್ ಫ್ಲೆಕ್ಸು. ಎರಡು ಜಡೆಯ ಹುಡುಗಿಯೊಬ್ಬಳು ತಲೆಕೆಳಗಾಗಿ ನಗುತ್ತಿದ್ದಾಳೆ. ಶೇಕಡಾವಾರು ಇದ್ದ ಜಾಗದಲ್ಲಿ ಹಗ್ಗ ಹಾದುಹೋಗಿ ತೂತು ಬಿದ್ದಿದೆ. ಇಡೀ ಫ್ಲೆಕ್ಸಿನಲ್ಲಿ ಮಕ್ಕಳ ಮುಖ ಬಟಾಣಿ ಗಾತ್ರ, ಶುಭ ಕೋರುವ ಮುಖಂಡರ ಮುಖ ಕುಂಬಳಕಾಯಿ ಗಾತ್ರ.

"ಅಂಗಾರೆ ಏನ್ ನೋಡಿ ಸೇರ್ಸ್‌ಬೇಕು ಅಂತೀರಿ?"

ನಾನು ಹೇಳಿದ್ದು ಎರಡೇ. ಒಂದು, ಗಣಿತಕ್ಕೂ ವಿಜ್ಞಾನಕ್ಕೂ ಕಾಯಂ ಮೇಷ್ಟ್ರು ಇದ್ದಾರಾ, ಜೂನ್ ತಿಂಗಳಿನಲ್ಲೇ ಇದ್ದಾರಾ. ಅತಿಥಿ ಶಿಕ್ಷಕರಲ್ಲಿ ಚಿನ್ನದಂಥವರಿದ್ದಾರೆ, ಅಲ್ಲವೆನ್ನುವುದಿಲ್ಲ. ಆದರೆ ಅವರ ನೇಮಕದ ಆದೇಶ ಬರುವಷ್ಟರಲ್ಲಿ ಬೀಜಗಣಿತದ ಪಾಠ ಮುಗಿದಿರಬೇಕಾಗಿತ್ತು. ಎರಡು, ಮಗು ಸಂಜೆ ಎಷ್ಟು ಹೊತ್ತಿಗೆ ಮನೆ ಸೇರುತ್ತದೆ. 2006–07ರ ಬಜೆಟ್ಟಿನಲ್ಲಿ ಎಂಟನೇ ಕ್ಲಾಸಿನವರಿಗೆ ಸೈಕಲ್ಲು ಬಂತು. ಬಜೆಟ್ ಓದಿದ ಯಡಿಯೂರಪ್ಪನವರು ಇದೇ ತಾಲ್ಲೂಕಿನ ಬೂಕನಕೆರೆಯವರು. ಸೈಕಲ್ಲಿದ್ದಾಗ ನಾಲ್ಕೈದು ಮೈಲಿಯ ಹೈಸ್ಕೂಲು ಹತ್ತಿರವೇ ಆಗಿತ್ತು. ಕೊರೊನಾ ಕಾಲದಲ್ಲಿ ಸೈಕಲ್ಲು ಕೊಡುವುದು ನಿಂತಿತು. 2023ರ ಜೂನಿನಿಂದ ಹೆಣ್ಣುಮಕ್ಕಳಿಗೆ ಬಸ್ಸು ಪುಕ್ಕಟೆ, ಪೇಟೆಗೆ ಹೋಗಿ ಓದುತ್ತಾರೆ, ಒಳ್ಳೆಯದೇ. ಆದರೆ ಐದು ಗಂಟೆಯ ಬಸ್ಸು ತುಂಬಿ ನಿಲ್ಲಿಸದೇ ಹೋದರೆ ಮುಂದಿನದಕ್ಕೆ ಕಾದು ಮನೆಗೆ ಬರುವಾಗ ಕತ್ತಲು. ಹೋಮ್‌ವರ್ಕು ಯಾವಾಗ ಮಾಡೋದು?

ಅಕ್ಕ ಸ್ವಲ್ಪ ಹೊತ್ತು ಸುಮ್ಮನಿದ್ದರು. "ಗಣಿತದ್ ಮೇಷ್ಟ್ರು ಅವ್ರಾ ಅಂತ ನಾನೋಗ್ ಕೇಳುದ್ರೆ, ಯಾರಮ್ಮ ನೀನು ಅಂತಾರೆ. ನೀವೂ ಬನ್ನಿ."

ಸೋಮವಾರ ಹತ್ತು ಗಂಟೆಗೆ ಎಂದು ಮಾತಾಯಿತು. ಹುಡುಗನನ್ನೂ ಒಂದು ಮಾತು ಕೇಳಿ ಎಂದೆ.

"ಅವುನ್ ಕೇಳಾಯ್ತು ಬುಡಿ. ಎಲ್ ಕಬಡ್ಡಿ ಟೀಮ್ ಇದ್ದದೋ ಅಲ್ಗೇ ಓಯ್ತನಂತೆ."